ಹಳೇ ಟ್ರ್ಯಾಕ್ಟರಿನ ರಿಪೇರಿಗೆ ಯಾವ ಪುಸ್ತಕ ಕೊಳ್ಳಬೇಕು?

ಎರಡು ವರ್ಷದ ಹಿಂದಿನ ಕಬ್ಬಿನ ಹಂಗಾಮು. ಟ್ರ್ಯಾಲಿ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟಿದ್ದ ನಮ್ಮ ಹಳೇ ಮ್ಯಾಸ್ಸಿ 1035 ಏರಿನಲ್ಲಿ ಬುಸುಗುಟ್ಟಿ ನಿಂತಿತು. ರೇಡಿಯೇಟರಿನಲ್ಲಿ ನೀರು ಕುದಿಯುತ್ತಿತ್ತು, ಗುಳ್ಳೆ ಏಳುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಬೇಸರವಾದದ್ದು ಯಾಕೆಂದರೆ, ಅದೇ ಗ್ಯಾಸ್ಕೆಟ್ಟನ್ನು ಮೂರು ವಾರದ ಹಿಂದಷ್ಟೇ ಹೊಸದು ಹಾಕಿದ್ದೆವು.

ಆರು ದಿನ ಟ್ರ್ಯಾಕ್ಟರ್ ನಿಂತಿತು. ಕಡಿಯುವ ಟೋಳಿ ಹೊಲದಲ್ಲಿ ಕೂತಿತ್ತು. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತಿತ್ತು. ಬಾಡಿಗೆ ಟ್ರ್ಯಾಕ್ಟರಿಗೆ ರೊಕ್ಕ ಎಣಿಸಿದೆ. ತಪ್ಪು ಮಿಸ್ತ್ರಿಯದಲ್ಲ, ಗ್ಯಾಸ್ಕೆಟ್ಟಿನದೂ ಅಲ್ಲ. ತಪ್ಪು ನನ್ನದು. ನಾನು ಒಂದು ಪುಸ್ತಕವನ್ನು ಸರಿಯಾಗಿ ನೋಡದೆ ನಂಬಿದ್ದೆ.

ನಡೆದದ್ದು ಹೀಗೆ. ಹೆಡ್ ಕೂರಿಸುವ ಹೊತ್ತಿಗೆ ಮಿಸ್ತ್ರಿ, "ಕಾಕಾ, ನಟ್ಟು ಎಷ್ಟಕ್ಕ ಬಿಗೀಲಿ?" ಅಂದ. ನನ್ನ ಹತ್ತಿರ ಯಾರೋ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಇತ್ತು. ನೋಡಿ, "60 ಅಂತ ಐತಿ ನೋಡಪಾ" ಅಂದೆ. ಅವನು ಕೇಳಿ ತಂದಿದ್ದ ಟಾರ್ಕ್ ಪಾನಾದಲ್ಲಿ 60ಕ್ಕೆ ಇಟ್ಟು ಬಿಗಿದ. ಆಮೇಲೆ ಹೆಡ್ಡನ್ನು ಫೇಸಿಂಗ್ ಮಾಡಿಸಲು ಕೊಲ್ಲಾಪುರದ ಉದ್ಯಮನಗರಕ್ಕೆ ಒಯ್ದಾಗ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಆ ಹಾಳೆ ನೋಡಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "60 ಏನು?"

ಪುಸ್ತಕದ 60 ಪೌಂಡ್-ಫೂಟ್. ನಮ್ಮ ಪಾನಾದ ಮೇಲಿನ ಗೆರೆಗಳು ನ್ಯೂಟನ್-ಮೀಟರಿನವು. 60 ಪೌಂಡ್-ಫೂಟ್ ಆಗಬೇಕಾದರೆ ಆ ಪಾನಾದಲ್ಲಿ 81ಕ್ಕೆ ಇಡಬೇಕಿತ್ತು. ನಾವು ಬಿಗಿದದ್ದು ಬರೀ 44 ಪೌಂಡ್-ಫೂಟ್ ಆಗಿತ್ತು. ಝೆರಾಕ್ಸ್ ಮಾಡುವಾಗ ಅಂಕಣದ ಮೇಲಿನ ಸಾಲು ಕತ್ತರಿಸಿ ಹೋಗಿತ್ತು. ಅಂಕಿ ಉಳಿದಿತ್ತು, ಅದು ಯಾವ ಅಳತೆ ಅನ್ನುವುದು ಉಳಿದಿರಲಿಲ್ಲ.

ಅಂದಿನಿಂದ ಈ ಪುಸ್ತಕಗಳ ಬೆನ್ನು ಹತ್ತಿದೆ. ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡ ನಮ್ಮಂಥವರಿಗೆ ಉಪಯೋಗ ಆದೀತೆಂದು ತಿಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಟ್ರ್ಯಾಕ್ಟರುಗಳ ತವರು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಹಾದಿಯಲ್ಲಿ, ನಿಪ್ಪಾಣಿ ಕಡೆಯ ತಂಬಾಕಿನ ಹೊಲಗಳಲ್ಲಿ ಇನ್ನೂ ದುಡಿಯುವ ಹಳೇ ಟ್ರ್ಯಾಕ್ಟರುಗಳಲ್ಲಿ ಹಲವು ಇಂಗ್ಲೆಂಡಿನ ವಂಶದವು. ಇದನ್ನು ತಿಳಿದಿದ್ದರೆ ಪುಸ್ತಕ ಹುಡುಕುವುದು ಅರ್ಧ ಸುಲಭ.

ಹ್ಯಾರಿ ಫರ್ಗುಸನ್ ಎಂಬವರ ಟಿ.ಇ. 20 ಟ್ರ್ಯಾಕ್ಟರನ್ನು 1946ರಿಂದ ಕೊವೆಂಟ್ರಿ ಊರಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ತಯಾರಿಸಿಕೊಡುತ್ತಿತ್ತು. 1956ರಲ್ಲಿ ಅದರ ಜಾಗಕ್ಕೆ 35 ಎಂಬ ಮಾದರಿ ಬಂತು. ಅಷ್ಟರೊಳಗೆ ಫರ್ಗುಸನ್ ಕಂಪನಿ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿತ್ತು. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಮ್ಯಾಸ್ಸಿ ಫರ್ಗುಸನ್ ಸಹಯೋಗದಲ್ಲಿ ಟ್ರ್ಯಾಕ್ಟರ್ ಮಾಡಿತು. ನಮ್ಮ 1035 ಈ 35ರ ಬಳಗದ್ದೇ. ಅದರ ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್ನಿನ ಮೂಲ ಇಂಗ್ಲೆಂಡಿನ ಪರ್ಕಿನ್ಸ್.

ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಆರಂಭಿಸಿದ ಬಿ-275 ಇಂಗ್ಲೆಂಡಿನ ಮಾದರಿ. ಎಚ್.ಎಂ.ಟಿ. ಮಾತ್ರ ಬೇರೆ. 1971ರಲ್ಲಿ ಪಿಂಜೋರಿನಲ್ಲಿ ಶುರುವಾದ ಅದರ 2511 ಮಾದರಿ ಝೆಕೊಸ್ಲೊವಾಕಿಯಾದ ಝೆಟರ್ ಮೂಲದ್ದು, ಅಳತೆ ಎಲ್ಲ ಮಿಲಿಮೀಟರಿನಲ್ಲಿ.

ಇಂಗ್ಲೆಂಡಿನ ವಂಶದವಕ್ಕೆ ಅಳತೆ ಇಂಚಿನಲ್ಲಿ, ಬಿಗಿ ಪೌಂಡಿನಲ್ಲಿ, ಆಯಿಲ್ ಪೈಂಟು-ಗ್ಯಾಲನ್ನಿನಲ್ಲಿ. ನಮ್ಮ ದೇಶ 1956ರ ಕಾಯ್ದೆಯಿಂದ ಮೆಟ್ರಿಕ್‌ಗೆ ಬಂದರೂ ಎಂಜಿನ್ನಿನ ನಟ್ಟು-ಬೋಲ್ಟು ಇಂಚಿನಲ್ಲೇ ಉಳಿದವು. ನನಗೆ ಪೆಟ್ಟು ಬಿದ್ದದ್ದೂ ಇಲ್ಲೇ.

ಸ್ಪೋರ್ಟ್ಸ್ ಕಾರಿನವರು ಕಲಿಸಿದ್ದು

ಕೊವೆಂಟ್ರಿಯಲ್ಲಿ ಫರ್ಗುಸನ್ ಟ್ರ್ಯಾಕ್ಟರಿಗೆ ಹಾಕುತ್ತಿದ್ದ ಸ್ಟ್ಯಾಂಡರ್ಡ್ ಪೆಟ್ರೋಲ್ ಎಂಜಿನ್ನಿನ ವಂಶದ್ದೇ ಎಂಜಿನ್ನು 1953ರಲ್ಲಿ ಬಂದ ಟ್ರಯಂಫ್ ಟಿ.ಆರ್. 2 ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಒಂದು ಹೊಲ ಉಳುತ್ತಿತ್ತು, ಇನ್ನೊಂದು ರೇಸಿಗೆ ಓಡುತ್ತಿತ್ತು. ಇಂಥ ಹಳೇ ಕಾರುಗಳನ್ನು ಇಂದಿಗೂ ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಅಲ್ಲಿದ್ದಾರೆ. ಯಾವ ಪುಸ್ತಕ ಬೇಕು ಎಂಬ ಪ್ರಶ್ನೆ ಅವರಿಗೂ ಬರುತ್ತದೆ.

1965ರಲ್ಲಿ ಜಾನ್ ಹೇನ್ಸ್ ಎಂಬ ವಾಯುಪಡೆಯ ಅಧಿಕಾರಿ ಏಡನ್ನಿನಲ್ಲಿದ್ದಾಗ ಸ್ನೇಹಿತರೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರು ರಿಪೇರಿಗೆ ಕೈಹಾಕಿದರು. ಕಂಪನಿಯ ಪುಸ್ತಕ ಸಾಮಾನ್ಯ ಮಾಲೀಕನಿಗೆ ಉಪಯೋಗವಿಲ್ಲ ಎಂದು ಆಗ ಅವರಿಗೆ ಗೊತ್ತಾಯಿತು. ಬಿಚ್ಚುತ್ತ, ಜೋಡಿಸುತ್ತ ಹಂತಹಂತವಾಗಿ ಫೋಟೋ ತೆಗೆದರು. ಅದರಿಂದ 1966ರಲ್ಲಿ ಹೇನ್ಸ್ ರಿಪೇರಿ ಕೈಪಿಡಿಗಳ ಮೊದಲನೆಯದು ಹೊರಬಂತು.

ನಮಗೆ ಇದರಲ್ಲಿ ಪಾಠವಿದೆ. ಕಂಪನಿಯ ವರ್ಕ್‌ಶಾಪ್ ಪುಸ್ತಕ ಬರೆದದ್ದು ತರಬೇತಿ ಪಡೆದ, ಎಲ್ಲ ಸಾಧನ ಇರುವ ಮೆಕ್ಯಾನಿಕ್‌ಗೆ. 'ಗೇರ್ ಬಾಕ್ಸ್ ತೆಗೆಯಿರಿ' ಎಂದು ಒಂದೇ ಸಾಲು ಇರುತ್ತದೆ. ಹೇಗೆ ತೆಗೆಯಬೇಕು, ಯಾವುದು ಸಿಕ್ಕಿಕೊಳ್ಳುತ್ತದೆ, ಎಲ್ಲಿ ಜಾಕ್ ಕೊಡಬೇಕು ಅನ್ನುವುದು ಬಿಚ್ಚಿದವನ ಪುಸ್ತಕದಲ್ಲಿ ಸಿಗುತ್ತದೆ. ಅಂಕಿಗಳು ಮಾತ್ರ ಕಂಪನಿಯದರಲ್ಲಿ ಪೂರ್ತಿ ಇರುತ್ತವೆ. ಆದ್ದರಿಂದ ಒಂದೇ ಪುಸ್ತಕದಲ್ಲಿ ಎಲ್ಲ ಸಿಗುತ್ತದೆಂದು ತಿಳಿಯಬಾರದು.

ಪುಸ್ತಕಗಳಲ್ಲಿ ನಾಲ್ಕು ಜಾತಿ

ಒಂದು, ಚಾಲಕರ ಕೈಪಿಡಿ. ಹೊಸ ಟ್ರ್ಯಾಕ್ಟರಿನ ಜೊತೆ ಕೊಡುವುದು ಇದನ್ನೇ. ಆಯಿಲ್ ಯಾವುದು, ಎಷ್ಟು, ಎಷ್ಟು ತಾಸಿಗೆ ಬದಲಿಸಬೇಕು, ಗ್ರೀಸ್ ಎಲ್ಲೆಲ್ಲಿ, ಟೈರಿಗೆ ಗಾಳಿ ಎಷ್ಟು ಎಂದು ಇರುತ್ತದೆ. ಎಂಜಿನ್ ಬಿಚ್ಚಲು ಇದು ಸಾಲದು. ಆದರೆ ಇದರಂತೆ ನಡೆದವರಿಗೆ ಎಂಜಿನ್ ಬಿಚ್ಚುವ ಪ್ರಸಂಗವೇ ಕಡಿಮೆ.

ಎರಡು, ಬಿಡಿಭಾಗಗಳ ಪಟ್ಟಿ. ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ಹರವಿ ಬರೆದ ಚಿತ್ರ, ಪಕ್ಕದಲ್ಲಿ ನಂಬರು. ಯಾವ ವಾಷರಿನ ಹಿಂದೆ ಯಾವ ಸೀಲು, ಅದರ ಹಿಂದೆ ಯಾವ ಬೇರಿಂಗ್ ಎಂದು ಸಾಲಾಗಿ ಕಾಣುತ್ತದೆ. ಇಂಗ್ಲಿಷ್ ಬಾರದವರೂ ಇದನ್ನು ಓದಬಹುದು. ಬಿಚ್ಚಿ ಜೋಡಿಸಿದ ಮೇಲೆ ಎರಡು ವಾಷರು ಉಳಿದರೆ ಎಲ್ಲಿಯವು ಎಂದು ಹೇಳುವುದೂ ಇದೇ. ಅಂಗಡಿಯಲ್ಲಿ ನಂಬರು ಹೇಳಿ ಕೇಳಿದರೆ ತಪ್ಪು ಸಾಮಾನು ತಂದು ಮತ್ತೆ ಮಿರಜಕ್ಕೋ ಕೊಲ್ಲಾಪುರಕ್ಕೋ ಓಡುವುದು ತಪ್ಪುತ್ತದೆ.

ಮೂರು, ಕಂಪನಿಯ ವರ್ಕ್‌ಶಾಪ್ ಪುಸ್ತಕ. ಎಷ್ಟು ಸವೆದರೆ ಬದಲಿಸಬೇಕು, ಎಷ್ಟು ಸಂದು ಇರಬೇಕು, ಎಷ್ಟಕ್ಕೆ ಬಿಗಿಯಬೇಕು, ಯಾವ ನಟ್ಟು ಮೊದಲು ಯಾವುದು ಆಮೇಲೆ ಎಂಬ ಲೆಕ್ಕ ಎಲ್ಲ ಇದರಲ್ಲಿದೆ.

ನಾಲ್ಕು, ಬೇರೆ ಪ್ರಕಾಶಕರ ಸಾಮಾನ್ಯ ಕೈಪಿಡಿ. ಒಂದೇ ಪುಸ್ತಕದಲ್ಲಿ ನಾಲ್ಕೈದು ಮಾದರಿ ಸೇರಿಸಿರುತ್ತಾರೆ. ಓದಲು ಸುಲಭ, ಬೆಲೆಯೂ ಕಡಿಮೆ. ಆದರೆ ನಿಮ್ಮ ಮಾದರಿಗೆ ಸೇರಿದ ಪುಟ ಎಷ್ಟು ಎಂದು ಎಣಿಸಿ ನೋಡಿಯೇ ಕೊಳ್ಳಬೇಕು.

ರೊಕ್ಕ ಒಂದಕ್ಕೇ ಇದ್ದರೆ ನಾನು ಹೇಳುವುದು ಮೊದಲು ಬಿಡಿಭಾಗಗಳ ಪಟ್ಟಿ. ಎರಡನೆಯದು ವರ್ಕ್‌ಶಾಪ್ ಪುಸ್ತಕ. ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ನಮ್ಮಲ್ಲಿ ಬಿಗಿಯುವ ಕೈಗಳಿಗೆ ಬರವಿಲ್ಲ, ಸರಿಯಾದ ಸಾಮಾನು ತರುವುದೇ ಕಷ್ಟ.

ಹೆಸರು ನೋಡಬೇಡಿ, ನಂಬರು ನೋಡಿ

ಮೇಲೆ 'ಮ್ಯಾಸ್ಸಿ ಫರ್ಗುಸನ್ 35' ಎಂದು ದಪ್ಪ ಅಕ್ಷರದಲ್ಲಿದ್ದರೆ ಮೋಸ ಹೋಗಬೇಡಿ. ಇಂಗ್ಲೆಂಡಿನಲ್ಲೇ ಈ 35ಕ್ಕೆ ಮೊದಲು ಬಂದ ಡೀಸೆಲ್ ಎಂಜಿನ್ನು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನದು. ಚಳಿಯಲ್ಲಿ ಚಾಲೂ ಆಗಲು ಸತಾಯಿಸುತ್ತಿತ್ತು. 1959ರ ಕೊನೆಗೆ ಪರ್ಕಿನ್ಸ್ ಮೂರು ಸಿಲಿಂಡರ್ ಬಂತು. ಅಮೆರಿಕದ 35ರಲ್ಲಿ ಬಹಳಷ್ಟು ಪೆಟ್ರೋಲಿನ ಕಾಂಟಿನೆಂಟಲ್ ಎಂಜಿನ್ನಿನವು. ಹೆಸರು ಒಂದೇ, ಎಂಜಿನ್ ಮೂರು. ಅಮೆರಿಕದ ಪುಸ್ತಕ ತರಿಸಿದರೆ ಅದರಲ್ಲಿ ಕಾರ್ಬ್ಯುರೇಟರ್, ಸ್ಪಾರ್ಕ್ ಪ್ಲಗ್ಗಿನ ಪುಟಗಳಿಗೂ ರೊಕ್ಕ ಕೊಟ್ಟಂತಾಗುತ್ತದೆ.

ಆದ್ದರಿಂದ ಮೊದಲು ಟ್ರ್ಯಾಕ್ಟರಿನ ಮೇಲಿನ ತಗಡಿನ ಫಲಕ ತೊಳೆದು ನಂಬರು ಬರೆದುಕೊಳ್ಳಿ. ಎಂಜಿನ್ ಬ್ಲಾಕಿನ ಮೇಲೆ ಕೊರೆದ ನಂಬರನ್ನೂ ಬರೆದುಕೊಳ್ಳಿ. ಆರ್.ಸಿ. ಬುಕ್ಕಿನ ಜೊತೆ ತಾಳೆ ನೋಡಿ. ಎರಡು-ಮೂರು ಕೈ ದಾಟಿ ಬಂದ ಟ್ರ್ಯಾಕ್ಟರಿಗೆ ಬೇರೆ ಎಂಜಿನ್ ಕೂರಿಸಿರುವುದೂ ಉಂಟು. ಹಾಗಿದ್ದರೆ ಎಂಜಿನ್ನಿಗೆ ಒಂದು ಪುಸ್ತಕ, ಗೇರು-ಲಿಫ್ಟಿಗೆ ಇನ್ನೊಂದು ಬೇಕಾದೀತು.

ಡೀಸೆಲ್ ಪಂಪನ್ನೂ ನೋಡಿಕೊಳ್ಳಿ. ನೋಜಲ್ ಪೈಪುಗಳು ಪಂಪಿನ ಮೇಲೆ ಒಂದೇ ಸಾಲಿನಲ್ಲಿ ನಿಂತಿದ್ದರೆ ಅದು ಇನ್‌ಲೈನ್ ಪಂಪು. ದುಂಡನೆಯ ತಲೆಯ ಸುತ್ತ ಹೊರಟಿದ್ದರೆ ರೋಟರಿ. ಎಂಜಿನ್ ಒಂದೇ ಆದರೂ ಪಂಪು ಬೇರೆಯಾದರೆ ಗಾಳಿ ತೆಗೆಯುವ ಕ್ರಮ, ಟೈಮಿಂಗ್ ಕೂರಿಸುವ ರೀತಿ ಬೇರೆ. ಇಂಗ್ಲೆಂಡಿನ ಪುಸ್ತಕದಲ್ಲಿ ಇರುವ ಪಂಪು ನಮ್ಮದರಲ್ಲಿ ಇರಲೇಬೇಕೆಂದಿಲ್ಲ.

ಕೊಳ್ಳುವ ಮೊದಲು ಹತ್ತು ನಿಮಿಷ

ಈಗ ನಾನು ಯಾವುದೇ ಪುಸ್ತಕ ಕೈಗೆ ಬಂದರೂ ಹೀಗೆ ನೋಡುತ್ತೇನೆ.

1. ಮೊದಲ ಪುಟಗಳಲ್ಲಿ ಯಾವ ನಂಬರಿನಿಂದ ಯಾವ ನಂಬರಿನ ಟ್ರ್ಯಾಕ್ಟರಿಗೆ ಎಂದು ಬರೆದಿದೆಯೇ? ನನ್ನ ನಂಬರು ಅದರೊಳಗೆ ಬೀಳುತ್ತದೆಯೇ?

2. ಸಿಲಿಂಡರ್ ಎಷ್ಟು, ಬೋರ್ ಮತ್ತು ಸ್ಟ್ರೋಕ್ ಎಷ್ಟು? ಉದಾಹರಣೆಗೆ ಇಂಗ್ಲೆಂಡಿನ 35ರ ಪರ್ಕಿನ್ಸ್ ಎಂಜಿನ್ನಿನ ಬೋರ್ 3.6 ಇಂಚು, ಸ್ಟ್ರೋಕ್ 5 ಇಂಚು. ನಿಮ್ಮ ಎಂಜಿನ್ನಿನದು ಬೇರೆಯಾದರೆ ಪಿಸ್ಟನ್, ರಿಂಗು, ಲೈನರಿನ ಅಂಕಿ ಯಾವುದನ್ನೂ ಆ ಪುಸ್ತಕದಿಂದ ಎತ್ತಬೇಡಿ.

3. ಬಿಗಿಯುವ ಪಟ್ಟಿ ಇದೆಯೇ? ಅಂಕಣದ ಮೇಲೆ ಅಳತೆಯ ಹೆಸರು ಕಾಣುತ್ತದೆಯೇ?

4. ಹೆಡ್ ನಟ್ಟು ಬಿಗಿಯುವ ಅನುಕ್ರಮದ ಚಿತ್ರ ಇದೆಯೇ? ನಿಮ್ಮ ಹೆಡ್ಡಿನ ನಟ್ಟು ಎಣಿಸಿ, ಚಿತ್ರದಲ್ಲಿ ಅಷ್ಟೇ ಇವೆಯೇ ನೋಡಿ.

5. ಸವೆತದ ಮಿತಿ ಕೊಟ್ಟಿದ್ದಾರೆಯೇ? ಹೊಸದರ ಅಳತೆ ಮಾತ್ರ ಇದ್ದರೆ ಹಳೇ ಟ್ರ್ಯಾಕ್ಟರಿನವನಿಗೆ ಅರ್ಧ ಉಪಯೋಗ.

6. 'ವಿಶೇಷ ಸಾಧನ ನಂಬರ್ ಇಷ್ಟು ಬಳಸಿ' ಎಂದು ಎಷ್ಟು ಸಲ ಬರೆದಿದೆ? ಹೆಚ್ಚಿದ್ದರೆ ಆ ಕೆಲಸ ನಮ್ಮ ಅಂಗಳದಲ್ಲಿ ಆಗುವುದಲ್ಲ.

7. ಝೆರಾಕ್ಸ್ ಆದರೆ, ಮೊಬೈಲಿನಲ್ಲಿ ಬಂದ ಪಿ.ಡಿ.ಎಫ್. ಆದರೆ, ಪುಟದ ಅಂಚು ಕತ್ತರಿಸಿದೆಯೇ, ನಡುವೆ ಪುಟ ಬಿಟ್ಟಿದೆಯೇ? ಅಂಕಿಯಲ್ಲಿ ಚುಕ್ಕೆ ಅಳಿಸಿದ್ದರೆ 0.012 ಹೋಗಿ 0012 ಆಗಿರುತ್ತದೆ.

ಅಳತೆಯ ಗೊಂದಲ

ಇದನ್ನು ಗ್ಯಾರೇಜಿನ ಗೋಡೆಗೆ ಬರೆದು ಹಚ್ಚಿದ್ದೇನೆ. 1 ಇಂಚು ಎಂದರೆ 25.4 ಮಿ.ಮೀ. ಮೆಕ್ಯಾನಿಕ್‌ಗಳು 'ಥೌ' ಅನ್ನುವುದು ಇಂಚಿನ ಸಾವಿರದ ಒಂದು ಪಾಲು, ಅಂದರೆ 0.0254 ಮಿ.ಮೀ. ವಾಲ್ವ್ ಸಂದು 12 ಥೌ ಎಂದಿದ್ದರೆ 0.30 ಮಿ.ಮೀ. ಫೀಲರ್ ಗೇಜು ಇಡಬೇಕು. ನಮ್ಮ ಬಡಿಗೇರರು ಹೇಳುವ ಸೂತ ಇಂಚಿನ ಎಂಟನೇ ಒಂದು ಪಾಲು, ಅದು ಬೇರೆ.

1 ಪೌಂಡ್-ಫೂಟ್ ಎಂದರೆ 1.36 ನ್ಯೂಟನ್-ಮೀಟರ್, ಅಥವಾ 0.138 ಕಿಲೋ-ಮೀಟರ್ (ಇಲ್ಲಿ ಕಿಲೋ ಎಂದರೆ ತೂಕದ ಕಿಲೋ, ರಸ್ತೆಯ ಕಿಲೋಮೀಟರ್ ಅಲ್ಲ). ಹಾಗಾಗಿ 60 ಪೌಂಡ್-ಫೂಟ್ ಅಂದರೆ 81 ನ್ಯೂಟನ್-ಮೀಟರ್ ಅಥವಾ 8.3 ಕಿಲೋ-ಮೀಟರ್. ಈ 60ನ್ನು ಲೆಕ್ಕ ತಿಳಿಸಲು ಹೇಳಿದ್ದೇನೆ. ನಿಮ್ಮ ಎಂಜಿನ್ನಿಗೆ ಎಷ್ಟೆಂದು ನಿಮ್ಮ ಪುಸ್ತಕದಲ್ಲೇ ನೋಡಿ.

ಗ್ಯಾಲನ್ನು ಎರಡು ಬಗೆ. ಇಂಗ್ಲೆಂಡಿನದು 4.55 ಲೀಟರ್, ಅಮೆರಿಕದ್ದು 3.79 ಲೀಟರ್. ಪೈಂಟು ಇಂಗ್ಲೆಂಡಿನದು 0.57 ಲೀಟರ್, ಅಮೆರಿಕದ್ದು 0.47. ಇಂಗ್ಲೆಂಡಿನ ಪುಸ್ತಕದಲ್ಲಿ 12 ಪೈಂಟ್ ಆಯಿಲ್ ಎಂದಿದ್ದರೆ 6.8 ಲೀಟರ್. ಅದನ್ನು ಅಮೆರಿಕದ ಲೆಕ್ಕದಲ್ಲಿ ಹಾಕಿದರೆ 5.7 ಲೀಟರ್ ಮಾತ್ರ. ಒಂದು ಲೀಟರಿಗೂ ಮಿಕ್ಕಿ ಕಡಿಮೆ. ಪುಸ್ತಕ ಯಾವ ದೇಶದ್ದು ಎಂದು ನೋಡಬೇಕಾದ್ದು ಇದಕ್ಕೇ. ಕೊನೆಗೆ ಡಿಪ್ ಸ್ಟಿಕ್ ಎಳೆದು ನೋಡುವುದನ್ನಂತೂ ಬಿಡಬಾರದು.

ಬೋಲ್ಟಿನದು ಇನ್ನೊಂದು ಕಥೆ. 5/16 ಇಂಚಿನ ಬೋಲ್ಟು 7.94 ಮಿ.ಮೀ. ದಪ್ಪ. 8 ಮಿ.ಮೀ. ಬೋಲ್ಟು ಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ. ಆದರೆ ಹಲ್ಲು ಬೇರೆ. ಎರಡು ಸುತ್ತು ಕೈಯಿಂದಲೇ ಒಳಗೆ ಹೋಗುತ್ತದೆ, ಮೂರನೇ ಸುತ್ತಿಗೆ ಪಾನಾ ಹಾಕಿದರೆ ಬ್ಲಾಕಿನ ಹಲ್ಲು ಉಜ್ಜಿ ಹೋಗುತ್ತದೆ. ಬೋಲ್ಟಿನ ದಪ್ಪದ ಜೊತೆಗೆ ಹಲ್ಲಿನ ಜಾತಿಯನ್ನೂ ಒಳ್ಳೆಯ ಪುಸ್ತಕ ಹೇಳುತ್ತದೆ.

ಎಲ್ಲಿ ಹುಡುಕುವುದು?

ಮೊದಲು ಆ ಕಂಪನಿಯ ಡೀಲರಿನ ಬಿಡಿಭಾಗದ ಕೌಂಟರು. ಅಲ್ಲಿ ಪಟ್ಟಿ ಇದ್ದೇ ಇರುತ್ತದೆ. ಮಾರಲು ಇಲ್ಲದಿದ್ದರೂ ನಿಮ್ಮ ನಂಬರಿನ ಪುಟ ತೋರಿಸಲು ಕೇಳಬಹುದು. ಎಚ್.ಎಂ.ಟಿ. ಇರುವವರಿಗೆ ಈ ದಾರಿ ಕಷ್ಟ. ಪಿಂಜೋರಿನ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಅವರು ಪುಸ್ತಕ ಎಲ್ಲಿ ಕಂಡರೂ ಬಿಡದೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು, ಬಹಳ ಜನ ಗಮನಿಸದ್ದು, ಸರಕಾರದ ಪರೀಕ್ಷಾ ವರದಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ದಕ್ಷಿಣಕ್ಕೆ ಅಂಥದೇ ಸಂಸ್ಥೆ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿದೆ. ಅವರ ಟ್ರ್ಯಾಕ್ಟರ್ ವರದಿಯಲ್ಲಿ ಬೋರ್, ಸ್ಟ್ರೋಕ್, ಎಂಜಿನ್ ವೇಗ, ಆಯಿಲ್ ಪ್ರಮಾಣ, ಪಂಪಿನ ಜಾತಿ ಎಲ್ಲ ಬರೆದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಂಜಿನ್ ಬಿಚ್ಚಿ ಲೈನರು, ರಿಂಗು, ಬೇರಿಂಗು ಅಳೆದು, ಕಂಪನಿ ಹೇಳಿದ ಸವೆತದ ಮಿತಿಯನ್ನು ಪಕ್ಕದಲ್ಲಿ ಕೊಟ್ಟಿರುತ್ತಾರೆ. ಇದು ರಿಪೇರಿ ಕಲಿಸುವ ಪುಸ್ತಕ ಅಲ್ಲ. ಆದರೆ ಭಾರತದಲ್ಲಿ ತಯಾರಾದ ಮಾದರಿಯ ಅಂಕಿ, ಅದೂ ಮೆಟ್ರಿಕ್‌ನಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಪುಸ್ತಕದ ಜೊತೆ ಇಟ್ಟು ತಾಳೆ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ.

ಮೂರನೆಯದು, ಐ.ಟಿ.ಐ. ಪಠ್ಯ. ಚೆನ್ನೈಯ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ವಿಷಯಗಳಿಗೆ ಪುಸ್ತಕ ತಂದಿದೆ. ಮೈಕ್ರೋಮೀಟರ್ ಹಿಡಿಯುವುದು ಹೇಗೆ, ಟಾರ್ಕ್ ಪಾನಾ ಬಳಸುವುದು ಹೇಗೆ ಎಂಬ ಬುನಾದಿ ಅದರಲ್ಲಿದೆ. ಮನೆಯಲ್ಲಿ ಐ.ಟಿ.ಐ. ಓದುವ ಮಗ ಇದ್ದರೆ ಕೇಳಿ.

ನಾಲ್ಕನೆಯದು, ಮುಚ್ಚಿದ ಗ್ಯಾರೇಜುಗಳು, ವಯಸ್ಸಾದ ಮಿಸ್ತ್ರಿಗಳ ಪೆಟ್ಟಿಗೆಗಳು. ಎಣ್ಣೆ ಹತ್ತಿ ಕಪ್ಪಾದ ಪುಸ್ತಕ ಕಂಡರೆ ಬಿಡಬೇಡಿ. ಯಾವ ಪುಟ ಹೆಚ್ಚು ಕಪ್ಪಾಗಿದೆಯೋ ಆ ರಿಪೇರಿ ಹೆಚ್ಚು ಬರುತ್ತದೆಂದು ಲೆಕ್ಕ! ಇಂಗ್ಲೆಂಡಿನಿಂದ ಮರುಮುದ್ರಣ ತರಿಸುವುದು ಕೊನೆಯ ದಾರಿ, ಅಂಚೆ ವೆಚ್ಚ ಬಹಳ.

ಇಂಗ್ಲಿಷ್ ಬರದಿದ್ದರೆ?

ನನಗೂ ಅಷ್ಟಕ್ಕಷ್ಟೇ. ಕಾಲೇಜು ಓದುವ ಮಗಳು ಓದಿ ಹೇಳಿದಳು, ನಾನು ಮತ್ತು ಮಿಸ್ತ್ರಿ ಕೂತು ನಾವು ಕರೆಯುವ ಹೆಸರನ್ನು ಚಿತ್ರದ ಪಕ್ಕ ಪೆನ್ಸಿಲಿನಲ್ಲಿ ಬರೆದೆವು. ಪುಸ್ತಕದಲ್ಲಿ 'ಸ್ಪ್ಯಾನರ್', ನಮ್ಮಲ್ಲಿ ಪಾನಾ. ನಾಲ್ಕು ಸಂಜೆಯಲ್ಲಿ ಎಂಜಿನ್ ಭಾಗ ಮುಗಿಯಿತು. ಬೇಕಾದ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಇಂಚು ಮತ್ತು ಮಿಲಿಮೀಟರ್ ಎರಡರಲ್ಲೂ ಬರೆದೆವು. ಎಣ್ಣೆಯ ಕೈಯಿಂದ ಮುಟ್ಟುವುದು ಆ ನೋಟ್‌ಬುಕ್ಕನ್ನು. ಮೂಲ ಪುಸ್ತಕ ಮನೆಯ ಟ್ರಂಕಿನಲ್ಲಿದೆ.

ಪುಸ್ತಕ ಇದ್ದ ಮಾತ್ರಕ್ಕೆ ಎಲ್ಲಕ್ಕೂ ಕೈಹಾಕಬೇಡಿ. ಡೀಸೆಲ್ ಪಂಪು, ನೋಜಲ್ಲುಗಳನ್ನು ಪರೀಕ್ಷಾ ಯಂತ್ರ ಇರುವಲ್ಲಿಗೇ ಒಯ್ಯಬೇಕು. ಬೇರಿಂಗಿನ ಸದ್ದು ಕೇಳಿ ಹೇಳುವುದು ಮಿಸ್ತ್ರಿಯ ಕಿವಿಯೇ. ಮೊದಮೊದಲು ನಮ್ಮ ಮಿಸ್ತ್ರಿಗೆ ಸ್ವಲ್ಪ ಬೇಸರ ಆಗಿತ್ತು. "ಕಾಕಾ, ನನ್ಮ್ಯಾಲ ನಂಬಿಗಿ ಇಲ್ಲೇನ್ರಿ?" ಅಂದಿದ್ದ. ಈಗ ಬೇರೆಯವರ ಟ್ರ್ಯಾಕ್ಟರ್ ಬಿಚ್ಚಿದಾಗಲೂ, "ಕಾಕಾ, ಆ ವಹಿ ಒಂದೀಟು ಕೊಡ್ರಿ" ಅಂತ ಬರುತ್ತಾನೆ.

ಆ ಆರು ದಿನದ ಬಾಡಿಗೆಯಲ್ಲಿ ಇಂಥ ಪುಸ್ತಕ ನಾಲ್ಕು ಬರುತ್ತಿದ್ದವು. ಟ್ರ್ಯಾಕ್ಟರ್ ಕೆಟ್ಟ ದಿನ ಪುಸ್ತಕ ಹುಡುಕಿದರೆ ನನ್ನಂತೆ ಕೈಗೆ ಸಿಕ್ಕ ಹಾಳೆಯನ್ನೇ ನಂಬಬೇಕಾಗುತ್ತದೆ. ಹಂಗಾಮು ಮುಗಿದು ಕಾರ್ಖಾನೆ ನಿಂತ ಮೇಲೆ, ಬೇಸಿಗೆಯಲ್ಲಿ ಫಲಕ ತೊಳೆದು ನಂಬರು ಬರೆದುಕೊಂಡು ಹುಡುಕಲು ಶುರು ಮಾಡಿ. ನಿಮ್ಮ ಊರ ಕಡೆ ಹಳೇ ಬಿ-275ರದೋ ಎಚ್.ಎಂ.ಟಿ.ಯದೋ ಪೂರ್ತಿ ಪುಸ್ತಕ ಇಟ್ಟುಕೊಂಡವರಿದ್ದರೆ ಪತ್ರಿಕೆಗೆ ಬರೆದು ತಿಳಿಸಿ, ಬೇಕಾದವರಿಗೆ ಸಿಕ್ಕೀತು.